ಉಪ್ಪು ಎತ್ತ ಹೋಯಿತು?

ಚಾಮರಾಜನಗರದಿಂದ ಸತ್ಯಮಂಗಲದ ಹೆದ್ದಾರಿ ಹಿಡಿದು ಹೊರಟರೆ, ನಮ್ಮ ರಾಜ್ಯದ ಗಡಿ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಪುಣಜನೂರು ಸಿಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದು ಅರಣ್ಯ ವಲಯಕ್ಕೆ ಈ ಊರಿನ ಹೆಸರೇ ಉಂಟು. ಇಲ್ಲಿಂದ ಮುಂದಕ್ಕೆ ಹಾಸನೂರು, ದಿಂಬಂ, ಇಪ್ಪತ್ತೇಳು ಕಡಿದಾದ ತಿರುವುಗಳ ಘಟ್ಟ, ಬಣ್ಣಾರಿ ಅಮ್ಮನ ಗುಡಿ. ಆಮೇಲೆ ತಮಿಳುನಾಡಿನ ಬಯಲು. ಕಡಲು ಇಲ್ಲಿಗೆ ಯಾವ ದಿಕ್ಕಿನಿಂದಲೂ ದೂರ. ಹೀಗಿರುವಾಗ ಧ್ರುವದ ಕಡಲಿನ ಮಾತನ್ನು ಪುಣಜನೂರಿನಿಂದ ಆರಂಭಿಸುವುದೇಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ನನಗೆ ಆ ಮಾತು ಹತ್ತಿದ್ದೇ ಅಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಅಲ್ಲಿ ನಡೆಯಿತು. ಹಗಲು ಚರಂಡಿ ತೋಡುವುದು, ಶಾಲೆಯ ಗೋಡೆಗೆ ಸುಣ್ಣ ಬಳಿಯುವುದು. ಸಂಜೆ ಊರವರೊಡನೆ ಕೂತು ಹಾಡು, ಭಾಷಣ. ಕನ್ನಡ ಅಧ್ಯಾಪಕನಾದ ನನ್ನ ಪಾಲಿಗೆ ಜನಪದ ಗೀತೆಗಳನ್ನು ಕುರಿತ ಭಾಷಣ ಬಂದಿತ್ತು. ಅದನ್ನು ಕೇಳಿ ಹುಡುಗರು ಆಕಳಿಸುತ್ತಿದ್ದುದನ್ನು ನಾನೇ ಕಂಡೆ. ಮರುದಿನ ಭೌತಶಾಸ್ತ್ರದ ನನ್ನ ಗೆಳೆಯರು ಜಾಣತನ ಮಾಡಿದರು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಒಂದು ಚಿತ್ರವನ್ನೇ ಬಿಟ್ಟರು. ದಕ್ಷಿಣ ಧ್ರುವ ಖಂಡದ ಅಂಚಿನಲ್ಲಿ ಕಡಲಿನ ಮೇಲ್ಮೈ ಹೆಪ್ಪುಗಟ್ಟಿದೆ. ಆ ನೀರ್ಗಲ್ಲಿನ ಚಾವಣಿಯಡಿ, ನೀರಿನೊಳಗೆ, ಮೇಲಿನಿಂದ ಬಿಳಿಯ ಕೊಳವೆಯೊಂದು ಇಳಿಯುತ್ತಿದೆ. ಆಲದ ಬಿಳಲಿನ ಹಾಗೆ ನೋಡನೋಡುತ್ತ ಉದ್ದವಾಗುತ್ತದೆ. ಕಡಲಿನ ತಳ ಮುಟ್ಟಿದ ಮೇಲೆ ಅಲ್ಲಿ ಬಿಳಿಯ ತೊರೆಯಾಗಿ ಹರಡಿಕೊಂಡು, ನಿಧಾನವಾಗಿ ತೆವಳುವ ನಕ್ಷತ್ರಮೀನುಗಳನ್ನು ಇದ್ದಲ್ಲಿಯೇ ಗಡ್ಡೆಯಾಗಿಸಿಬಿಡುತ್ತದೆ. ಹುಡುಗರಿಗೆ ನಿದ್ದೆ ಹಾರಿತು.

ಚಿತ್ರ ಮುಗಿದಾಗ ಹಿಂದೆ ಕಂಬಳಿ ಹೊದ್ದು ಕೂತಿದ್ದ ಒಬ್ಬ ಯಜಮಾನರು ಎದ್ದುನಿಂತರು. ಗೆಳೆಯರು ಯಂತ್ರದ ತಂತಿ ಬಿಚ್ಚುತ್ತಿದ್ದುದರಿಂದ ಪ್ರಶ್ನೆ ನನ್ನ ಕಡೆಗೇ ಬಂತು.

“ಸಮುದ್ರದ ನೀರು ಉಪ್ಪಲ್ವಾ ಸಾ? ಅದು ಗಡ್ಡ ಕಟ್ಕಂಡ್ರ ಒಳಗಿದ್ದ ಉಪ್ಪು ಎತ್ತಗ ಹೋಯ್ತದ?”

ನಾನು ಹಿಂದುಮುಂದು ನೋಡದೆ, “ಗಡ್ಡೆಯೊಳಗೇ ಇರುತ್ತದೆ ಯಜಮಾನರೆ, ಎಲ್ಲಿಗೆ ಹೋಗುತ್ತದೆ?” ಎಂದುಬಿಟ್ಟೆ. ಅವರು ತಲೆಯಾಡಿಸಿದರು, ಒಪ್ಪಿಗೆಯಿಂದಲ್ಲ. “ನೀರು ಬುಟ್ಟೋದ್ರ ಉಪ್ಪು ಉಳೀತದ. ಇಲ್ಲ ಉಪ್ಪು ಬುಟ್ಟೋಗಿ ನೀರು ಉಳೀಬೇಕು. ಎರಡೂ ಒಟ್ಗ ಗಟ್ಟಿಯಾದದ್ದ ನಾ ಕಾಣಿ ಸಾ.”

ವಿಚಾರಿಸಿದಾಗ ತಿಳಿಯಿತು, ಅವರು ಉಪ್ಪಾರರು. ಮಗಳ ಮನೆಗೆಂದು ಅಲ್ಲಿಗೆ ಬಂದವರು. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಈ ಸಮುದಾಯ ದೊಡ್ಡದು. ಹೆಸರಿನಲ್ಲಿಯೇ ಕುಲಕಸುಬು ಇದೆ. ಬೇಸಗೆಯಲ್ಲಿ ಚೌಳು ನೆಲದ ಮೇಲೆ ಬಿಳಿಯ ಹುಡಿ ಉಕ್ಕಿದಂತೆ ಕಾಣುತ್ತದೆಯಲ್ಲ, ಆ ಮಣ್ಣನ್ನು ಕೆರೆದು ತಂದು ನೀರು ಹುಯ್ದು, ಉಪ್ಪಿನಂಶವನ್ನು ಬಸಿದು, ಬಸಿದ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದು ಇವರ ಹಿರಿಯರ ಕೆಲಸ. ಮೈಸೂರು ಸೀಮೆಯ ಹಳ್ಳಿಗಳು ಬಹುಕಾಲ ಇಂಥ ಮಣ್ಣುಪ್ಪನ್ನೇ ತಿಂದವು. ಕರಾವಳಿಯ ಉಪ್ಪು ರೈಲು ಹತ್ತಿ ಅಗ್ಗವಾಗಿ ಒಳನಾಡಿಗೆ ಬಂದಮೇಲೆ ಈ ಕಸುಬು ನಿಲ್ಲಲಾರದೆ ಹೋಯಿತು. ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ. ನಮ್ಮ ಯಜಮಾನರು ಉಪ್ಪು ತೆಗೆದವರಲ್ಲ. ಅವರ ಅಜ್ಜ ತೆಗೆಯುತ್ತಿದ್ದುದನ್ನು ಕಂಡವರು. ಭಗೀರಥನನ್ನು ಮೂಲಪುರುಷನೆಂದು ನಂಬುವ ಕುಲ ಇದು. ಸಗರನ ಮಕ್ಕಳು ಅಗೆದದ್ದರಿಂದಲೇ ಸಾಗರಕ್ಕೆ ಆ ಹೆಸರು ಬಂತೆಂಬ ಪುರಾಣವನ್ನು ನೆನೆದರೆ, ಕಡಲಿನ ವಿಷಯದಲ್ಲಿ ನನ್ನನ್ನು ಪ್ರಶ್ನಿಸುವ ಹಕ್ಕು ಅವರಿಗೆ ಇದ್ದೇ ಇತ್ತು.

ಆ ರಾತ್ರಿ ನನಗೆ ಸಂಕೋಚವಾಯಿತು. ಊರಿಗೆ ಹಿಂದಿರುಗಿದ ಮೇಲೆ ಗೆಳೆಯರನ್ನು ಕಾಡಿ, ಪುಸ್ತಕಗಳನ್ನು ತಿರುವಿ ನೋಡಿದೆ. ನೋಡಿದಂತೆಲ್ಲ ಸಂಕೋಚ ಹೋಗಿ ಆಶ್ಚರ್ಯ ಬಂತು. ಪುಣಜನೂರಿನ ಗೋಡೆಯ ಮುಂದೆ ಎದ್ದ ಪ್ರಶ್ನೆ ಒಂದು ಕಾಲಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರನ್ನು ಕಾಡಿದ ಪ್ರಶ್ನೆ. ಅದಕ್ಕೆ ಕೊಟ್ಟ ತಪ್ಪು ಉತ್ತರವನ್ನು ನಂಬಿ ಹಡಗುಗಳು ಹೊರಟದ್ದೂ ಉಂಟು.

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಹಲವರು ನಂಬಿದ್ದು ಇದು: ಉಪ್ಪುನೀರು ಹೆಪ್ಪುಗಟ್ಟುವುದೇ ಇಲ್ಲ. ಅವರ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಕಡಲಿನಲ್ಲಿ ತೇಲುವ ಗಡ್ಡೆಯನ್ನು ಕರಗಿಸಿದರೆ ಸಿಹಿನೀರು ಬರುತ್ತದೆ. ಆದ್ದರಿಂದ ಆ ಗಡ್ಡೆ ಕಡಲಿನದಲ್ಲ, ನದಿಗಳಿಂದ ತೇಲಿಬಂದದ್ದು. ದಡದಿಂದ ದೂರ, ಧ್ರುವದ ಸುತ್ತ ನದಿಗಳಿಲ್ಲ. ಆದ್ದರಿಂದ ಅಲ್ಲಿ ತೆರೆದ ನೀರು ಇರಲೇಬೇಕು, ಹಡಗು ನೇರವಾಗಿ ಧ್ರುವವನ್ನು ದಾಟಿ ಪೂರ್ವದೇಶಗಳಿಗೆ ಬರಬಹುದು! ಸ್ವಿಟ್ಜರ್ಲೆಂಡಿನ ಸಾಮ್ಯುಯೆಲ್ ಎಂಗೆಲ್ ಈ ವಾದವನ್ನು ಹರಡಿದ. ಇಂಗ್ಲೆಂಡಿನಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಕೀಲ ಅದನ್ನು ಹಿಡಿದು ರಾಯಲ್ ಸೊಸೈಟಿಯ ಬೆನ್ನು ಹತ್ತಿದ. ವಕೀಲರ ಕೈಗೆ ಸಿಕ್ಕಿದ ತರ್ಕ ಸುಲಭವಾಗಿ ಸೋಲುವುದಿಲ್ಲವಷ್ಟೆ. 1773ರಲ್ಲಿ ಕಾನ್‌ಸ್ಟಂಟೈನ್ ಫಿಪ್ಸ್ ಎಂಬ ನಾವಿಕನ ನಾಯಕತ್ವದಲ್ಲಿ ಎರಡು ಹಡಗುಗಳು ಉತ್ತರ ಧ್ರುವದ ಕಡೆಗೆ ಹೊರಟವು. ಮುಂದೆ ಪ್ರಸಿದ್ಧನಾದ ನೆಲ್ಸನ್ ಆಗ ಹುಡುಗ, ಅವುಗಳಲ್ಲಿ ಒಂದರಲ್ಲಿದ್ದ. ಎಂಬತ್ತನೆಯ ಅಕ್ಷಾಂಶವನ್ನು ಸ್ವಲ್ಪ ದಾಟುವಷ್ಟರಲ್ಲಿ ನೀರ್ಗಲ್ಲು ಸುತ್ತುಗಟ್ಟಿತು. ಹೇಗೋ ಬಿಡಿಸಿಕೊಂಡು ಹಿಂದಿರುಗಿದರು.

ಅದೇ 1773ರ ಜನವರಿಯಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ ಕ್ಯಾಪ್ಟನ್ ಕುಕ್ ದಕ್ಷಿಣದ ಹಿಮಸಾಗರದಲ್ಲಿದ್ದ. ಕುಡಿಯುವ ನೀರಿನ ಕೊರತೆ. ಜನವರಿ 9ರಂದು ದೋಣಿಗಳನ್ನು ಇಳಿಸಿ ತೇಲುತ್ತಿದ್ದ ಗಡ್ಡೆಗಳನ್ನು ಎತ್ತಿಸಿದ. ಕರಗಿಸಿದಾಗ ಹದಿನೈದು ಟನ್ನಿನಷ್ಟು ಒಳ್ಳೆಯ ಸಿಹಿನೀರು ದೊರೆಯಿತು. ಇದೂ ಬ್ಯಾರಿಂಗ್ಟನ್ನನ ಪಕ್ಷಕ್ಕೇ ಸಾಕ್ಷಿಯಲ್ಲವೆ ಎನ್ನಬಹುದು. ಆದರೆ ಕುಕ್ ಎತ್ತಿಸಿದ್ದು ದೊಡ್ಡದೊಂದು ಹಿಮದ ದ್ವೀಪದ ಚೂರುಗಳನ್ನು. ನೆಲದ ಮೇಲೆ ಬಿದ್ದ ಹಿಮವೇ ಒತ್ತಿ ಗಡ್ಡೆಯಾಗಿ, ಕಡಲಿಗೆ ಜಾರಿ ಅಂಥ ದ್ವೀಪವಾಗುತ್ತದೆ. ಅದಕ್ಕೆ ಉಪ್ಪಿನ ಸೋಂಕೇ ಇಲ್ಲ. ಮಳೆಯ ನೀರು ಸಿಹಿಯಾಗಿರುವಂತೆ ಅದೂ ಸಿಹಿ. ಕಡಲೇ ಹೆಪ್ಪುಗಟ್ಟಿ ಆಗುವ ಗಡ್ಡೆ ಬೇರೆ ಜಾತಿಯದು. ಈ ಎರಡನ್ನೂ ಬೆರೆಸಿಕೊಂಡದ್ದೇ ಆ ಕಾಲದ ಗೊಂದಲದ ಬೇರು. ನಮ್ಮ ದೇಶದ ಮೊದಲ ತಂಡ ಡಾ. ಖಾಸಿಂ ಅವರ ನಾಯಕತ್ವದಲ್ಲಿ ಗೋವೆಯಿಂದ ಹೊರಟು ದಕ್ಷಿಣ ಧ್ರುವ ಖಂಡದ ಮೇಲೆ ಕಾಲಿಟ್ಟದ್ದೂ ಒಂದು ಜನವರಿ 9ರಂದು, 1982ರಲ್ಲಿ. ಇದು ಕಾಕತಾಳೀಯ, ಆದರೂ ಹೇಳದಿರಲು ಮನಸ್ಸು ಬರಲಿಲ್ಲ.

ವಾದವನ್ನು ಪಕ್ಕಕ್ಕಿಟ್ಟು ಪಾತ್ರೆಯನ್ನು ಮುಂದಿಟ್ಟುಕೊಂಡವನು ಲಂಡನ್ನಿನ ಎಡ್ವರ್ಡ್ ನೈರ್ನ್. ಅವನು ವಿಜ್ಞಾನದ ಉಪಕರಣಗಳನ್ನು ಮಾಡಿ ಮಾರುವವನು. 1776ರ ಚಳಿಗಾಲ ಅಲ್ಲಿ ಘೋರವಾಗಿತ್ತು. ನೈರ್ನ್ ಕಡಲಿನ ನೀರು ತರಿಸಿ, ಜಾಡಿಯಲ್ಲಿ ತುಂಬಿ, ಚಳಿಗೆ ಇಟ್ಟ. ಅದು ಹೆಪ್ಪುಗಟ್ಟಿತು. ಗಡ್ಡೆಯನ್ನು ತೊಳೆದು ಹೊರಗಂಟಿದ ಉಪ್ಪುನೀರನ್ನು ಕಳೆದು ಕರಗಿಸಿದ, ಬಂದದ್ದು ಸಿಹಿನೀರು. ಅಂದಮೇಲೆ ಕಡಲು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ನೂಕುತ್ತದೆ. ನಮ್ಮ ಯಜಮಾನರು ಹೇಳಿದ ಎರಡು ದಾರಿಗಳಲ್ಲಿ ಎರಡನೆಯದು ಇದೇ. ಆ 1776ರಲ್ಲೇ ಶ್ರೀರಂಗಪಟ್ಟಣದಲ್ಲಿ ಹೈದರಾಲಿ ಒಂದು ಚಿಕ್ಕ ಮಗುವನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿದ. ಅರಿಕುಠಾರದಲ್ಲಿ ಹುಟ್ಟಿದ ಆ ಖಾಸಾ ಚಾಮರಾಜ ಒಡೆಯರ ಹೆಸರಿನಿಂದಲೇ, ಮುಂದೆ ಅವರ ಮಗ ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ, ಅರಿಕುಠಾರ ಚಾಮರಾಜನಗರವಾಯಿತು. ಕಾಲವನ್ನು ಅಳೆಯಲು ನಮ್ಮೂರಿನ ಮೊಳಕೋಲು ಒಂದಿರಲಿ ಎಂದು ಈ ಮಾತು.

ಸತ್ಯ ಜಾಡಿಯಲ್ಲಿ ಕಂಡರೂ ನಂಬಿಕೆ ತಕ್ಷಣ ಸಾಯಲಿಲ್ಲ. ಉಪ್ಪಿನ ಕಾರಣ ಬಿದ್ದುಹೋದ ಮೇಲೆ ಬೆಚ್ಚನೆಯ ಸಾಗರಪ್ರವಾಹಗಳು ಧ್ರುವದ ನೀರನ್ನು ತೆರೆದಿಟ್ಟಿರುತ್ತವೆ ಎಂಬ ಹೊಸ ಕಾರಣ ಹುಟ್ಟಿತು. ಅಂಥ ಭರವಸೆಯ ಮೇಲೆ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ‘ಜೀನೆಟ್’ ಹಡಗಿನಲ್ಲಿ ಮೂವತ್ತಮೂರು ಜನರಿದ್ದರು. ಸುಮಾರು ಎರಡು ವರ್ಷ ನೀರ್ಗಲ್ಲಿನ ಸೆರೆಯಲ್ಲಿದ್ದು, 1881ರ ಜೂನಿನಲ್ಲಿ ಹಡಗು ಅಡಿಕೆಯಂತೆ ಕತ್ತರಿಸಿಹೋಯಿತು. ನಾಯಕ ಡಿ ಲಾಂಗ್ ಸೇರಿ ಇಪ್ಪತ್ತು ಜನ ಹಿಂದಿರುಗಲಿಲ್ಲ.

ಬೇರೆ ರೀತಿಯ ಸೆರೆಯೂ ಉಂಟು, ಅದರಿಂದ ವಿದ್ಯೆ ಬಂತು. ಆಸ್ಟ್ರಿಯಾ-ಹಂಗೆರಿಯ ‘ಟೆಗೆಟ್‌ಹಾಫ್’ ಹಡಗು 1872ರಲ್ಲಿ ಉತ್ತರದ ನೀರ್ಗಲ್ಲಿಗೆ ಸಿಕ್ಕಿ ಎರಡು ಚಳಿಗಾಲ ಅದರೊಡನೆ ತೇಲಿತು. ಅದರ ನಾಯಕ ಕಾರ್ಲ್ ವೈಪ್ರೆಕ್ಟ್ ಸುಮ್ಮನೆ ಕೂರಲಿಲ್ಲ. ತನ್ನನ್ನು ಬಂಧಿಸಿದ ಗಡ್ಡೆ ಹೇಗೆ ಬೆಳೆಯುತ್ತದೆ, ಹೇಗೆ ಮಾಗುತ್ತದೆ, ಉಪ್ಪು ಅದರಿಂದ ಹೇಗೆ ಜಾರುತ್ತದೆ ಎಂದು ಗಮನಿಸಿ, 1879ರಲ್ಲಿ ಧ್ರುವದ ನೀರ್ಗಲ್ಲಿನ ರೂಪಾಂತರಗಳ ಮೇಲೆ ಒಂದು ಗ್ರಂಥವನ್ನೇ ಬರೆದ. ‘ಮಾಡ್’ ಹಡಗಿನಲ್ಲಿ ವರ್ಷಗಟ್ಟಲೆ ಅಳತೆ ಮಾಡಿದ ಸ್ವೀಡನ್ನಿನ ಫಿನ್ ಮಾಲ್ಮ್‌ಗ್ರೆನ್ 1927ರಲ್ಲಿ ಈ ವಿದ್ಯೆಗೆ ಗಟ್ಟಿಯಾದ ಅಂಕಿಗಳ ತಳಹದಿ ಹಾಕಿದ. ಮರುವರ್ಷವೇ ‘ಇಟಾಲಿಯಾ’ ಎಂಬ ವಾಯುನೌಕೆಯ ದುರಂತದ ಬಳಿಕ ಆ ನೀರ್ಗಲ್ಲಿನ ಮೇಲೆಯೇ ಪ್ರಾಣ ಬಿಟ್ಟ.

ಇವರಿಂದ ತಿಳಿದದ್ದನ್ನು ಹೀಗೆ ಹೇಳಬಹುದು. ಕಡಲಿನ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಸೊನ್ನೆಗಿಂತ ಸುಮಾರು 1.9 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬೇಕು. ನೀರಿನ ಕಣಗಳು ಶಿಸ್ತಾಗಿ ಹೆಣೆದುಕೊಂಡು ಹರಳಾಗುವಾಗ ಉಪ್ಪಿಗೆ ಆ ಹೆಣಿಗೆಯಲ್ಲಿ ಜಾಗವಿಲ್ಲ. ಅದು ಉಳಿದ ನೀರಿಗೆ ಸೇರುತ್ತದೆ. ಆ ನೀರು ಇನ್ನಷ್ಟು ಉಪ್ಪಾಗುತ್ತದೆ. ಉಪ್ಪಾದಷ್ಟೂ ಹೆಪ್ಪುಗಟ್ಟುವುದು ಕಷ್ಟ. ಹೀಗೆ ಗಡ್ಡೆಯೊಳಗೆ ಸಣ್ಣ ಸಣ್ಣ ಗೂಡುಗಳಲ್ಲಿ ತೀರ ಉಪ್ಪಾದ, ತೀರ ತಣ್ಣಗಿನ ನೀರು ಸಿಕ್ಕಿಕೊಳ್ಳುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಗಡ್ಡೆಯಲ್ಲಿ ಈ ನೀರಿನ ಉಪ್ಪು ಕಡಲಿನ ನಾಲ್ಕರಷ್ಟು. ಗೂಡುಗಳು ಒಂದಕ್ಕೊಂದು ಕೂಡಿ ಕಾಲುವೆಗಳಾಗುತ್ತವೆ. ಕಾಲುವೆಗಳ ಮೂಲಕ ಭಾರವಾದ ಉಪ್ಪುನೀರು ಕೆಳಗಿನ ಕಡಲಿಗೆ ಇಳಿಯುತ್ತದೆ. ನನ್ನ ಉತ್ತರದಲ್ಲಿಯೂ ಎಳ್ಳಷ್ಟು ಸತ್ಯವಿತ್ತೆಂದು ಇಲ್ಲಿ ಸಮಾಧಾನಪಟ್ಟುಕೊಳ್ಳಬಹುದಿತ್ತು. ಹೊಸ ಗಡ್ಡೆಯಲ್ಲಿ ಉಪ್ಪು ಸ್ವಲ್ಪ ಉಳಿದಿರುತ್ತದೆ. ಆದರೆ ಅದು ಬಾಡಿಗೆಗೆ ಇದ್ದಂತೆ. ವರ್ಷ ಕಳೆದಂತೆ ಹೊರಟುಹೋಗುತ್ತದೆ. ಉತ್ತರದ ಇನ್ಯುಯಿಟ್ ಜನ ಕುಡಿಯುವ ನೀರಿಗೆ ಹಳೆಯ ಗಡ್ಡೆಯನ್ನೇ ಹುಡುಕಿ ಕರಗಿಸುವುದು ಈ ಕಾರಣಕ್ಕೆ.

ನೀರ್ಗಲ್ಲಿಗಿಂತ ತಣ್ಣಗಿದ್ದೂ ನೀರಾಗಿಯೇ ಉಳಿಯುವ ನೀರು! ಇದು ನಂಬಲು ಕಷ್ಟವೆನಿಸಿದರೆ ಐಸ್ ಕ್ಯಾಂಡಿ ಮಾಡುವ ಕಾರ್ಖಾನೆಯನ್ನು ನೆನೆಯಬೇಕು. ಬಾಲ್ಯದಲ್ಲಿ ನಾವು ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಅಂಥ ಕಡೆ ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ತುಂಬಿರುತ್ತಿತ್ತು. ಯಂತ್ರ ಅದನ್ನು ಸೊನ್ನೆಗಿಂತ ಕೆಳಕ್ಕೆ ತಣಿಸುತ್ತಿತ್ತು. ಬಣ್ಣದ ಸಿಹಿನೀರು ತುಂಬಿದ ಅಚ್ಚುಗಳನ್ನು ಅದರಲ್ಲಿ ಇಳಿಬಿಟ್ಟರೆ ಅಚ್ಚಿನೊಳಗಿನದು ಗಡ್ಡೆಯಾಗುತ್ತಿತ್ತು, ಹೊರಗಿನದು ನೀರಾಗಿಯೇ ಅಲುಗಾಡುತ್ತಿತ್ತು. ಕೈ ಅದ್ದಲು ಹೋಗಿ ಬೈಸಿಕೊಂಡದ್ದೂ ನೆನಪಿದೆ.

ಧ್ರುವದ ಕಡಲಿನಲ್ಲಿ ನಡೆಯುವುದೂ ಇದೇ, ಅಚ್ಚು ಮಾತ್ರ ಇಲ್ಲ. ಗಡ್ಡೆಯ ಬಿರುಕಿನಿಂದ ಜಿನುಗಿದ ಉಪ್ಪುನೀರು ಸುತ್ತಲಿನ ಕಡಲಿಗಿಂತ ತಣ್ಣಗಿದೆ, ಭಾರವಾಗಿದೆ; ಆದ್ದರಿಂದ ನೆಟ್ಟಗೆ ಇಳಿಯುತ್ತದೆ. ಸುತ್ತಲಿನ ನೀರೋ ಹೆಪ್ಪುಗಟ್ಟುವ ಅಂಚಿನಲ್ಲಿ ನಿಂತಿದೆ. ಈ ತಣ್ಣನೆಯ ಧಾರೆ ತಾಗಿದೊಡನೆ ಧಾರೆಯ ಹೊರಗೆ ತೆಳುವಾದ ನೀರ್ಗಲ್ಲಿನ ಚರ್ಮ ಮೂಡುತ್ತದೆ. ಶಾಖದ ಕೊಡುಕೊಳ್ಳುವಿಕೆ ಉಪ್ಪು ಬೆರೆಯುವುದಕ್ಕಿಂತ ಸುಮಾರು ನೂರು ಪಟ್ಟು ವೇಗದ್ದು. ಧಾರೆಯ ಉಪ್ಪು ಹೊರಗೆ ಬೆರೆಯುವ ಮುಂಚೆಯೇ ಅದರ ತಣ್ಪು ಹೊರಗಿನ ನೀರನ್ನು ಕಟ್ಟಿಹಾಕಿರುತ್ತದೆ. ಇದೇ ಅದರ ಗುಟ್ಟು. ಹೀಗೆ ಕೊಳವೆಯಾಯಿತು. ಅದರ ಒಳಗೋಡೆಯನ್ನು ಹರಿಯುವ ಉಪ್ಪುನೀರು ಕೊಂಚ ಕೊಂಚ ಕರಗಿಸುತ್ತದೆ, ಹೊರಗೋಡೆಗೆ ಕಡಲು ಹೊಸ ಪದರ ಕೊಡುತ್ತದೆ. ಕೊಳವೆ ದಪ್ಪವಾಗುತ್ತ, ತುದಿಯಲ್ಲಿ ಕೆಳಕ್ಕೆ ಬೆಳೆಯುತ್ತ ಹೋಗುತ್ತದೆ. ಮೊದಮೊದಲು ಅದು ಬಲು ನವುರು. ನೀರು ಕದಡಿದರೆ ಮುರಿದುಬೀಳುತ್ತದೆ. ಅಲುಗಾಟವಿಲ್ಲದ ಕೊಲ್ಲಿಗಳಲ್ಲಿ ಮಾತ್ರ ತಳದವರೆಗೆ ಇಳಿಯುವ ಭಾಗ್ಯ.

ಇದನ್ನು ಕಣ್ಣಾರೆ ಕಂಡು ಬರೆಯಲು ಮನುಷ್ಯ ಗಡ್ಡೆಯ ಕೆಳಗೆ ಮುಳುಗಬೇಕಾಯಿತು. 1960ರ ದಶಕದಲ್ಲಿ ದಕ್ಷಿಣ ಧ್ರುವ ಖಂಡದ ಮೆಕ್‌ಮರ್ಡೋ ಕೊಲ್ಲಿಯಲ್ಲಿ ಅಮೆರಿಕದ ಜೀವವಿಜ್ಞಾನಿಗಳು ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿ ನೀರ್ಗಲ್ಲಿನಡಿಗೆ ಇಳಿಯತೊಡಗಿದ್ದರು. 1970ರಲ್ಲಿ ಪೇಜ್ ಎಂಬವರು ‘ಸೈನ್ಸ್’ ಪತ್ರಿಕೆಯಲ್ಲಿ ಈ ಇಳಿಬಿದ್ದ ರಚನೆಗಳ ವಿಷಯ ಬರೆದರು. ಮರುವರ್ಷ ಪಾಲ್ ಡೇಟನ್ ಮತ್ತು ಸೀಲೈ ಮಾರ್ಟಿನ್ ತಾವು ಅಲ್ಲಿ ಕಂಡದ್ದನ್ನು ವಿವರಿಸಿದರು. ಮಾರ್ಟಿನ್ ಅಷ್ಟಕ್ಕೆ ಬಿಡದೆ ಪ್ರಯೋಗಶಾಲೆಯ ತೊಟ್ಟಿಯಲ್ಲಿ ತಾವೇ ಅಂಥದನ್ನು ಬೆಳೆಸಿ, 1974ರಲ್ಲಿ ಅದರ ಗಣಿತವನ್ನು ಪ್ರಕಟಿಸಿದರು. ನೈರ್ನನ ಜಾಡಿಯಿಂದ ಮಾರ್ಟಿನ್ನರ ತೊಟ್ಟಿಗೆ ಬರಲು ಹತ್ತಿರ ಹತ್ತಿರ ಇನ್ನೂರು ವರ್ಷ ಹಿಡಿಯಿತು.

ಪುಣಜನೂರಿನ ಗೋಡೆಯ ಮೇಲೆ ಕಂಡದ್ದು ಬಿಬಿಸಿಯವರ 2011ರ ಚಿತ್ರ. ಹ್ಯೂ ಮಿಲ್ಲರ್, ಡಗ್ ಆಂಡರ್ಸನ್ ಎಂಬಿಬ್ಬರು ಲಿಟಲ್ ರೇಜರ್‌ಬ್ಯಾಕ್ ಎಂಬ ನಡುಗಡ್ಡೆಯ ಬಳಿ ಗಡ್ಡೆಯಡಿ ಇಳಿದು, ತಾನಾಗಿ ಬಿಟ್ಟುಬಿಟ್ಟು ಚಿತ್ರ ಹಿಡಿಯುವ ಕ್ಯಾಮೆರಾ ಇಟ್ಟು, ಆ ಬೆಳವಣಿಗೆಯನ್ನು ಮೊತ್ತಮೊದಲು ಸೆರೆಹಿಡಿದರು. ಸ್ಪೇನಿನ ಗ್ರನಾಡದ ಕಾರ್ಟ್‌ರೈಟ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ರಸಾಯನಶಾಸ್ತ್ರದ ಒಂದು ಹಳೆಯ ಆಟಕ್ಕೆ ಹೋಲಿಸಿದರು. ಸಿಲಿಕೇಟ್ ದ್ರಾವಣದಲ್ಲಿ ಲೋಹದ ಲವಣದ ಹರಳು ಹಾಕಿದರೆ ಗಿಡದಂತೆ ಟೊಳ್ಳು ಕೊಂಬೆಗಳು ಮೇಲಕ್ಕೆ ಏಳುತ್ತವೆ. ‘ರಾಸಾಯನಿಕ ತೋಟ’ ಎನ್ನುತ್ತಾರೆ. ಕಡಲಿನದು ಅದೇ ತೋಟ, ತಲೆಕೆಳಗು ಎಂಬುದು ಅವರ ಮಾತು.

ಹೆಸರಿನ ಮಾತು ಬಂತು. ಅಧ್ಯಾಪಕನ ಚಾಳಿ, ವಾಚಕರು ಕ್ಷಮಿಸಬೇಕು. ಇಂಗ್ಲಿಷಿನವರು ಉಪ್ಪುನೀರಿನ ‘ಬ್ರೈನ್’ ಮತ್ತು ಸೂರಿನಿಂದ ಇಳಿಬೀಳುವ ‘ಐಸಿಕಲ್’ ಎರಡನ್ನೂ ಬೆಸೆದು ‘ಬ್ರೈನಿಕಲ್’ ಎಂದರು. ನಮ್ಮ ಹುಡುಗನೊಬ್ಬ ಶಿಬಿರದ ವರದಿಯಲ್ಲಿ ‘ಲವಣಹಿಮಾವಲಂಬಿ’ ಎಂದು ಬರೆದು ತಂದ. ಅದನ್ನು ಉಚ್ಚರಿಸುವಷ್ಟರಲ್ಲಿ ಕೊಳವೆ ತಳ ಮುಟ್ಟಿರುತ್ತದೆ! ಕನ್ನಡದಲ್ಲಿ ಬಿಳಲು ಎಂಬ ಚೆಲುವಾದ ಮಾತಿದೆ. ಬೀಳು ಎಂಬ ಧಾತುವಿನ ನಂಟು ಅದಕ್ಕೆ. ಘಟ್ಟದ ಆಚೆಯ ತಮಿಳರ ‘ವಿೞುದು’ ಅದರ ಒಡಹುಟ್ಟು. ಮೇಲಿನಿಂದ ಇಳಿದು, ನೆಲ ಮುಟ್ಟಿ, ಅಲ್ಲಿ ಬೇರೂರುವುದು ಬಿಳಲು. ಉಪ್ಪುಬಿಳಲು ಎಂದು ತಿದ್ದಿದೆ.

ಈ ಉತ್ತರವನ್ನು ಒಪ್ಪಿಸಬೇಕಾದವರಿಗೆ ಒಪ್ಪಿಸುವುದು ತಡವಾಯಿತು. ಮರುವರ್ಷ ಬೇಸಗೆಯಲ್ಲಿ ಬಣ್ಣಾರಿಗೆ ಹೋಗುವಾಗ ಪುಣಜನೂರಿನಲ್ಲಿ ಇಳಿದು ಕೇಳಿದೆ. ಯಜಮಾನರು ಮಗಳ ಮನೆಯ ಜಗುಲಿಯ ಮೇಲೆಯೇ ಇದ್ದರು. ಗುರುತು ಹಿಡಿದರು. “ನಾನು ಅಂದು ಹೇಳಿದ್ದು ತಪ್ಪು ಯಜಮಾನರೆ” ಎಂದು ಆರಂಭಿಸಿ, ಜಾಡಿಯ ಕಥೆ, ಹಡಗಿನ ಕಥೆ, ಗಡ್ಡೆಯೊಳಗಿನ ಕಾಲುವೆ, ಕೊಳವೆ ಎಲ್ಲವನ್ನೂ ಹೇಳಿದೆ. ಮಧ್ಯೆ ಒಂದೇ ಒಂದು ಪ್ರಶ್ನೆ ಕೇಳಿದರು, ಕೊಳವೆ ಟೊಳ್ಳೋ ಗಟ್ಟಿಯೋ ಎಂದು. ಟೊಳ್ಳು ಎಂದೆ.

“ನಮ್ಮಜ್ಜ ಮಣ್ ಬಸಿಯೋ ಗುಡಾಣದ ತಳದಲ್ಲೂ ಹಂಗೇ ಇಳಿಬೀಳ್ತಿತ್ತು ಸಾ” ಎಂದರು. “ತೊಟ್ ತೊಟ್ಟಾಗಿ ತೊಟ್ಕೋದು, ಬಿಸಿಲ್ಗ ಒಣಗೋದು, ಉಪ್ಪು ಅಲ್ಲೇ ಕಟ್ಕಳೋದು. ಒಳಗ ಟೊಳ್ಳು, ಈರುಳ್ಳಿ ದಂಟಿನಂಗ. ಅಜ್ಜ ಅತ್ತಗ ಹೋದ ತಕ್ಷಣ ನಾವು ಹೈಕಳು ಅದ ಮುರ್ಕಂಡು ನೆಕ್ಕೋದು. ನಮ್ಮಲ್ಲಿ ಉಪ್ಪು ನಿಂತ್ಕಳ್ತಿತ್ತು, ನೀರು ಹೋಯ್ತಿತ್ತು. ಅಲ್ಲಿ ನೀರು ನಿಂತ್ಕಳ್ತದ, ಉಪ್ಪು ಹೋಯ್ತದ. ಅಷ್ಟೇ ಅಲ್ವಾ ಸಾ?”

ಅಷ್ಟೇ ಎಂದೆ. ಮಗಳು ಮಜ್ಜಿಗೆ ತಂದುಕೊಟ್ಟಳು. ಸತ್ಯಮಂಗಲದ ಬಸ್ಸು ಬರುವ ಹೊತ್ತಾಗಿತ್ತು.